ರೇಷ್ಮೆ ಊರಿನ ಗಾಳದ ಹುಡುಗಿ

ಈ ಸಲದ ಬರಹ ಸೊಪ್ಪಿನ ತೋಟದ್ದಲ್ಲ, ಬೋರ್‌ವೆಲ್‌ದೂ ಅಲ್ಲ. ಅಮೆರಿಕದ ಒಬ್ಬ ಹೆಂಗಸಿನ ಕಥೆ. ಹೆಸರು ಜೋನ್ ವುಲ್ಫ್. ಗಾಳ ಬೀಸೋದರಲ್ಲಿ ಆ ದೇಶಕ್ಕೇ ಚಾಂಪಿಯನ್ ಆಗಿದ್ದವರು, ಆಮೇಲೆ ಅದನ್ನ ಜನಕ್ಕೆ ಕಲಿಸೋದನ್ನೇ ಬದುಕು ಮಾಡ್ಕೊಂಡವರು. ಆಯಮ್ಮನಿಗೂ ನಮಗೂ ಏನು ಸಂಬಂಧ ಅಂದ್ರೆ, ಮಧ್ಯದಲ್ಲಿ ನಮ್ಮ ರೇಷ್ಮೆ ಹುಳನೇ ಬರುತ್ತೆ. ಸ್ವಲ್ಪ ಉದ್ದ ಇದೆ. ರಾತ್ರಿ ಸೊಪ್ಪು ಹಾಕಿ ಆದ್ಮೇಲೆ ಕೂತು ಓದಿ.

ಜೋನ್ ಹುಟ್ಟಿದ್ದು 1926ರ ನವೆಂಬರ್ 7ಕ್ಕೆ, ನ್ಯೂಜೆರ್ಸಿ ರಾಜ್ಯದ ಪ್ಯಾಟರ್ಸನ್ ಅನ್ನೋ ಊರಲ್ಲಿ. ಈ ಪ್ಯಾಟರ್ಸನ್‌ಗೆ ಅಲ್ಲಿಯವರು ಇಟ್ಟ ಇನ್ನೊಂದು ಹೆಸರು ಸಿಲ್ಕ್ ಸಿಟಿ, ಅಂದ್ರೆ ರೇಷ್ಮೆ ಪಟ್ಟಣ. ಊರಲ್ಲೇ ಪಸೇಯಿಕ್ ಹೊಳೆ 77 ಅಡಿ ಮೇಲಿಂದ ಧುಮುಕುತ್ತೆ. ಆ ನೀರಿನ ಬಲ ನೋಡಿಕೊಂಡೇ 1792ರಲ್ಲಿ ಅಲ್ಲಿ ಊರು ಕಟ್ಟಿದ್ದು. ಮೊದಲು ಹತ್ತಿ, ಆಮೇಲೆ ರೈಲು ಇಂಜಿನ್ನು, ಆಮೇಲೆ ರೇಷ್ಮೆ. ಹುಳ ಅಲ್ಲಿ ಸಾಕ್ತಿರಲಿಲ್ಲ. ಕಚ್ಚಾ ರೇಷ್ಮೆ ಹೆಚ್ಚಾಗಿ ಜಪಾನಿಂದ ಹಡಗಲ್ಲಿ ಬರೋದು, ಇಲ್ಲಿ ಬಣ್ಣ ಹಾಕಿ ನೇಯೋರು. 1913ರಲ್ಲಿ ಒಬ್ಬ ನೇಕಾರ ಎರಡು ಮಗ್ಗದ ಬದಲು ನಾಲ್ಕು ಮಗ್ಗ ನೋಡ್ಕೊಬೇಕು ಅಂತ ಮಾಲೀಕರು ಹಠ ಹಿಡಿದಾಗ ಸುಮಾರು 24,000 ಕಾರ್ಮಿಕರು ಕೆಲಸ ಬಿಟ್ಟು ಬೀದಿಗೆ ಬಂದರು. ತಿಂಗಳುಗಟ್ಟಲೆ ನಡೀತು, ಕೊನೆಗೆ ಹಸಿವಿಗೆ ಸೋತು ಕೆಲಸಕ್ಕೆ ವಾಪಸ್ ಹೋದರು. ಗೂಡಿನ ರೇಟು ಬಿದ್ದಾಗ ನಾವು ನಮ್ಮ ಮಾರ್ಕೆಟ್ ಮಾತ್ರ ನೋಡ್ತೀವಿ. ಈ ನೂಲಿನ ಇನ್ನೊಂದು ತುದೀಲೂ ಹೊಟ್ಟೆ ಕಟ್ಟಿಕೊಂಡು ಕೂತ ಜನ ಇದ್ರು ಅನ್ನೋದು ನೆನಪಿರಲಿ ಅಂತ ಇಷ್ಟು ಹೇಳಿದೆ.

ಜೋನ್ ಅವರ ಅಪ್ಪ ಜಿಮ್ಮಿ ಸಾಲ್ವಾಟೊಗೆ ಆ ಊರಲ್ಲಿ ಗಾಳ, ಬಂದೂಕು ಮಾರೋ ಅಂಗಡಿ. ಬೇಟೆ, ಮೀನು, ಕಾಡು ಅಂತ ಪೇಪರಿಗೂ ಬರೀತಿದ್ದ ಆಸಾಮಿ. ಸಂಜೆ ಆದ್ರೆ ಹೆಂಡತಿ ಮಗಳನ್ನ ಕರ್ಕೊಂಡು ಕೆರೆಗೆ ಹೋಗೋನು. ದೋಣೀಲಿ ಹುಟ್ಟು ಹಾಕೋದು ಹೆಂಡತಿ, ಗಾಳ ಬೀಸೋದು ಗಂಡ. ಅಲ್ಲಿ ಬಾಸ್ ಅಂತ ಒಂದು ಮೀನಿದೆ, ತಾವರೆ ಎಲೆ ಅಂಚಲ್ಲಿ ಅಡಗಿರುತ್ತೆ. ದೋಣಿ ಅಂಚಿಗೆ ತೀರ ಹತ್ತಿರ ಹೋದ್ರೆ ಮೀನು ಬೆದರುತ್ತೆ, ದೂರ ಹೋದ್ರೆ ಗಾಳ ತಲುಪಲ್ಲ. ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಬೈಗುಳ ಬೀಳೋದು ಹುಟ್ಟು ಹಾಕೋಳಿಗೆ. ಐದಾರು ವರ್ಷದ ಮಗಳು ನಡುವೆ ಕೂತು ಎರಡೂ ಕಡೆ ನೋಡ್ತಿದ್ದಳು. ಹುಟ್ಟು ಹಾಕೋಳಾಗೋದಕ್ಕಿಂತ ಗಾಳ ಹಿಡಿಯೋಳಾಗೋದೇ ವಾಸಿ ಅಂತ ಆ ವಯಸ್ಸಿಗೇ ಅನ್ನಿಸಿತು ಅಂತ ಜೋನ್ ಮುಂದೆ ಎಷ್ಟೋ ಸಲ ಹೇಳಿದ್ದಾರೆ.

ಅನ್ನಿಸಿದ್ರೆ ಸಾಕಾ? ಗಾಳ ಬೀಸೋದನ್ನ ಅಪ್ಪ ಕಲಿಸ್ತಿದ್ದದ್ದು ಮನೆಯ ಗಂಡು ಹುಡುಗನಿಗೆ. ಹುಡುಗಿಯನ್ನ ಯಾರೂ ಬೇಡ ಅಂದಿರಲಿಲ್ಲ, ಬಾ ಅಂತಲೂ ಅಂದಿರಲಿಲ್ಲ. ನಮ್ಮ ಮನೆಗಳಲ್ಲೂ ಹಂಗೇ ಅಲ್ವಾ, ಟ್ರ್ಯಾಕ್ಟರ್ ಸ್ಟೇರಿಂಗು ಹೆಣ್ಣು ಮಕ್ಕಳು ಮುಟ್ಟಬಾರದು ಅಂತ ಯಾರೂ ಎಲ್ಲೂ ಬರೆದಿಲ್ಲ, ಆದ್ರೂ ಯಾರೂ ಮುಟ್ಟಲ್ಲ. ಹತ್ತು ವರ್ಷ ಆದಾಗ ಒಂದು ದಿನ ಹುಡುಗಿ ಅಮ್ಮನ್ನ ಕೇಳಿ, ಅಪ್ಪ ಇಲ್ಲದಾಗ ಅವನ ಬಿದಿರು ರಾಡ್ ತಗೊಂಡು ಕೊಳಕ್ಕೆ ಹೋದಳು. ಆ ರಾಡು ಒಂದೇ ಕೋಲಲ್ಲ, ತುಂಡು ತುಂಡಾಗಿ ಜೋಡಿಸೋದು. ಜೋರಾಗಿ ಬೀಸಿದ ಏಟಿಗೆ ತುದಿ ತುಂಡು ಕಳಚಿಕೊಂಡು ಹೋಗಿ ನೀರಿಗೆ ಬಿತ್ತು. ಅಳ್ತಾ ಮನೆಗೆ ಬಂದಳು. ಪಕ್ಕದ ಮನೆಯವರು ಕಸ ಎಳೆಯೋ ಹಲ್ಲು ಕೋಲು ತಂದು, ನೀರಲ್ಲಿ ತಡಕಾಡಿ ತುಂಡನ್ನ ಎಳೆದುಕೊಟ್ಟರು. ಅಪ್ಪನಿಗೆ ಗೊತ್ತಾಗದೆ ಇರಲಿಲ್ಲ. ಆದ್ರೆ ಹೊಡೀಲಿಲ್ಲ, ಬೈಲಿಲ್ಲ. ಭಾನುವಾರ ನಮ್ಮ ಕ್ಲಬ್ಬಿಗೆ ನೀನೂ ಬರ್ತೀಯಾ ಅಂದ. ನನಗೆ ಈ ಇಡೀ ಕಥೇಲಿ ಮುಖ್ಯ ಅನ್ನಿಸಿದ್ದು ಈ ಒಂದು ಮಾತು. ಜಿಮ್ಮಿ ಸಾಲ್ವಾಟೊ ಆವತ್ತು ಎರಡು ಬಿಟ್ಟಿದ್ದಿದ್ರೆ ನಾನು ಇದನ್ನ ಬರೀತಾನೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಆ ಗಾಳ ಏನು ಅಂತ ಹೇಳಬೇಕು, ಯಾಕಂದ್ರೆ ನಮ್ಮ ಕೆರೆ ಗಾಳ ಅಲ್ಲ ಅದು. ನಾವು ಮುಳ್ಳಿಗೆ ಎರೆಹುಳ ಚುಚ್ಚಿ, ಬೆಂಡು ಕಟ್ಟಿ, ನೀರಿಗೆ ಬಿಟ್ಟು ಬೀಡಿ ಹಚ್ಚಿಕೊಂಡು ಕೂರ್ತೀವಿ. ಅವರದು ಫ್ಲೈ ಫಿಶಿಂಗ್, ನೊಣದ ಗಾಳ. ಕೋಳಿ ಪುಕ್ಕ, ಪ್ರಾಣಿ ಕೂದಲು ಎಲ್ಲ ಸುತ್ತಿ ಮುಳ್ಳಿನ ಮೇಲೆ ನೊಣದ ಥರ ಕಟ್ತಾರೆ. ಅದಕ್ಕೆ ತೂಕವೇ ಇರಲ್ಲ. ಕಲ್ಲು ಎಸೆಯಬಹುದು, ಪುಕ್ಕ ಎಸೆಯೋಕಾಗುತ್ತಾ? ಅದಕ್ಕೇ ಅಲ್ಲಿ ದಾರವೇ ದಪ್ಪ, ದಾರಕ್ಕೇ ತೂಕ. ಆ ದಾರವನ್ನ ಗಾಳೀಲಿ ಹಿಂದಕ್ಕೆ ಬೀಸಬೇಕು, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳೋವರೆಗೂ ಕಾಯಬೇಕು, ಆಮೇಲೆ ಮುಂದಕ್ಕೆ ಬೀಸಿ ಟಕ್ ಅಂತ ಕೈ ನಿಲ್ಲಿಸಬೇಕು. ಆಗ ದಾರ ಸುರುಳಿ ಬಿಚ್ಚುತ್ತಾ ಹೋಗಿ, ನೊಣ ತಾನಾಗೇ ಇಳಿದ ಹಂಗೆ ನೀರ ಮೇಲೆ ಕೂರುತ್ತೆ. ಬಾರುಕೋಲು ಬೀಸಿ ಛಟೀರ್ ಅನ್ನಿಸಿದವರಿಗೆ, ಕವಣೆ ಬೀಸಿ ಹಕ್ಕಿ ಓಡಿಸಿದವರಿಗೆ ಇದು ಅರ್ಥ ಆಗುತ್ತೆ. ರಟ್ಟೆ ಬಲದ ಕೆಲಸ ಅಲ್ಲ. ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಅನ್ನೋ ಹೊತ್ತಿನ ಲೆಕ್ಕ.

ಇನ್ನು ನಮ್ಮ ಹುಳದ ವಿಷಯಕ್ಕೆ ಬರ್ತೀನಿ. ಜೋನ್ ಕಲಿಯೋ ಕಾಲದಲ್ಲಿ ಆ ದಪ್ಪ ದಾರ ಹೆಣೆದ ರೇಷ್ಮೆದು. ನೀರು ಕುಡಿದು ಮುಳುಗಬಾರದು ಅಂತ ಜಿಡ್ಡು ಸವರೋರು, ಮೀನು ಹಿಡಿದು ಬಂದಮೇಲೆ ಬಿಚ್ಚಿ ಒಣಗಿಸೋರು, ಇಲ್ಲಾಂದ್ರೆ ಕೊಳೆಯೋದು. ದಾರದ ತುದಿಗೂ ನೊಣಕ್ಕೂ ನಡುವೆ ಮೀನಿಗೆ ಕಾಣದ ಹಂಗೆ ತೆಳ್ಳಗಿನ ಎಳೆ ಬೇಕಲ್ಲ, ಅದೂ ರೇಷ್ಮೆ ಹುಳದ್ದೇ. ಆದ್ರೆ ಗೂಡಿಂದ ಬಿಚ್ಚಿದ್ದಲ್ಲ. ಅದನ್ನ ಹೆಚ್ಚಾಗಿ ಮಾಡ್ತಿದ್ದದ್ದು ಸ್ಪೇನ್ ದೇಶದ ಮುರ್ಸಿಯಾ ಕಡೆ. ಹುಳ ಹಣ್ಣಾಗಿ, ಇನ್ನೇನು ಚಂದ್ರಿಕೆಗೆ ಬಿಡಬೇಕು ಅನ್ನೋ ಹೊತ್ತಿಗೆ ಅದನ್ನ ವಿನಿಗರ್‌ಗೆ ಹಾಕೋರು. ಆಮೇಲೆ ಹುಳ ಸೀಳಿ, ಹೊಟ್ಟೆ ಒಳಗಿನ ಎರಡು ರೇಷ್ಮೆ ಗ್ರಂಥಿ ಹೊರಗೆ ತೆಗೆದು, ಎರಡೂ ತುದಿ ಹಿಡಿದು ಕೈಯಲ್ಲೇ ಎಳೆಯೋರು. ಒಂದೊಂದು ಗ್ರಂಥಿಯಿಂದ ಒಂದು ಅಡಿ, ಒಂದೂವರೆ ಅಡಿ ಗಟ್ಟಿ ತಂತಿ ಥರ ಎಳೆ. ಗಟ್ ಅಂತ ಕರೆಯೋರು. ಅದನ್ನ ಒಂದಕ್ಕೊಂದು ಗಂಟು ಹಾಕಿ, ದಪ್ಪದಿಂದ ಸಣ್ಣಕ್ಕೆ ಜೋಡಿಸೋರು. ಒಣಗಿದ್ರೆ ಪಟ್ ಅಂತ ಮುರಿಯೋದು, ಅದಕ್ಕೇ ಬಳಸೋ ಮೊದಲು ನೆನೆಸಿ ಇಡಬೇಕಿತ್ತು.

ಹಣ್ಣು ಹುಳ ಕೈಯಲ್ಲಿ ಹಿಡಿದ್ರೆ ಒಳಗೆ ಬೆಳಕು ಕಾಣೋ ಹಂಗೆ ಹೊಳೆಯುತ್ತಲ್ಲ, ಆ ಹೊಳಪೇ ಈ ಗ್ರಂಥಿ. ಇಷ್ಟು ವರ್ಷ ಹುಳ ಸಾಕಿದ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು, ಅದರಿಂದ ಗೂಡು ಕಟ್ಟಿಸದೇನೆ ಗಾಳದ ಎಳೆ ಎಳೀತಿದ್ರು ಅಂತ? 1938ರಲ್ಲಿ ಡುಪಾಂಟ್ ಕಂಪನಿ ನೈಲಾನ್ ಅಂತ ಒಂದನ್ನ ಹೊರಗೆ ತಂತು. ಕೆಲವೇ ವರ್ಷದಲ್ಲಿ ಗಾಳದಿಂದ ರೇಷ್ಮೆ ಪೂರ್ತಿ ಹೊರಗೆ. ಮುರ್ಸಿಯಾದಲ್ಲಿ ಎಳೆ ಎಳೆದು ಬದುಕ್ತಿದ್ದವರ ಕಸುಬು ಹಂಗೇ ಮುಳುಗಿತು. ಹೆಂಗಸರ ಕಾಲುಚೀಲದಲ್ಲೂ ಅದೇ ಆಯ್ತು. ಪ್ಯಾಟರ್ಸನ್ ಅಂತೂ ಅಷ್ಟು ಹೊತ್ತಿಗೇ ಸೋತು ಸುಣ್ಣ ಆಗಿತ್ತು.

ಸರಿ, ಹುಡುಗಿ ಕಡೆ ಬರೋಣ. ಭಾನುವಾರ ಬೆಳಗ್ಗೆ ಕ್ಲಬ್ಬಿನವರೆಲ್ಲ ಒಂದು ಕೊಳದ ಹತ್ತಿರ ಸೇರೋರು. ಅಲ್ಲಿ ಮೀನು ಹಿಡಿಯೋದಿಲ್ಲ. ನೀರ ಮೇಲೆ 30 ಇಂಚು ಅಗಲದ ಬಳೆಗಳು ತೇಲ್ತಿರುತ್ತವೆ, ಒಂದು ಹತ್ತಿರ, ಒಂದು ದೂರ. ಮುಳ್ಳಿಲ್ಲದ ನೊಣವನ್ನ ಆ ಬಳೆ ಒಳಗೆ ಇಳಿಸಬೇಕು. ಇದು ಗುರಿ ಪಂದ್ಯ. ಇನ್ನೊಂದು ದೂರದ ಪಂದ್ಯ, ಯಾರ ದಾರ ಎಷ್ಟು ಅಡಿ ಹೋಗುತ್ತೆ ಅಂತ. ಮೀನೇ ಇಲ್ಲದ ಮೀನು ಹಿಡಿಯೋ ಪಂದ್ಯ, ನಮ್ಮೂರಲ್ಲಿ ಹೇಳಿದ್ರೆ ನಗ್ತಾರೆ. ಆದ್ರೆ ಮಕ್ಕಳಿಗೆ ಕಲಿಸೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ ಅಂತ ನನ್ನ ಅಭಿಪ್ರಾಯ. ಮೀನು ಸಿಕ್ಕಿದ್ರೆ ಅದೃಷ್ಟ, ಸಿಗದಿದ್ರೆ ನೀರಿನ ತಪ್ಪು ಅಂತ ಹೇಳಿ ತಪ್ಪಿಸಿಕೊಳ್ಳೋ ಹಂಗಿಲ್ಲ. ಬಳೆ ಒಳಗೆ ಬಿತ್ತು ಇಲ್ಲಾ ಬೀಳಲಿಲ್ಲ, ಅಷ್ಟೇ. ಮುಳ್ಳಿಲ್ಲದ್ದರಿಂದ ಕಣ್ಣಿಗೆ ಕೈಗೆ ಚುಚ್ಚೋ ಭಯವೂ ಇಲ್ಲ. 1937ರಲ್ಲಿ, ಕಲಿಯೋಕೆ ಶುರು ಮಾಡಿದ ಒಂದು ವರ್ಷದೊಳಗೇ, ಜೋನ್ ನ್ಯೂಜೆರ್ಸಿ ರಾಜ್ಯದ ಮಕ್ಕಳ ವಿಭಾಗದ ಚಾಂಪಿಯನ್ ಆದಳು.

1943ರಲ್ಲಿ, ಹದಿನಾರು ವರ್ಷಕ್ಕೆ, ಹೆಂಗಸರ ಗುರಿ ಪಂದ್ಯದಲ್ಲಿ ಮೊದಲ ರಾಷ್ಟ್ರೀಯ ಗೆಲುವು. ಅಲ್ಲಿಂದ 1960ರವರೆಗೆ 17 ರಾಷ್ಟ್ರೀಯ ಪ್ರಶಸ್ತಿ, ಜೊತೆಗೆ ಒಂದು ಅಂತರರಾಷ್ಟ್ರೀಯ. ಆದ್ರೆ ಗಾಳದಿಂದ ಹೊಟ್ಟೆ ತುಂಬುತ್ತಾ? ಸ್ಕೂಲು ಮುಗಿಸಿದ ಮೇಲೆ ಜೋನ್ ಜೀವನಕ್ಕೆ ಹಿಡಿದದ್ದು ಡ್ಯಾನ್ಸು. ಇನ್ನೊಬ್ಬರ ಜೊತೆ ಸೇರಿ ಎಂಟು ವರ್ಷ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಟ್ಟರು. ಇದು ಕಥೆಗೆ ಸಂಬಂಧ ಇಲ್ಲದ ಮಾತು ಅಂತ ಮೊದಲು ನಾನೂ ಅಂದುಕೊಂಡೆ. ಮುಂದೆ ಓದ್ತಾ ಹೋದ್ರೆ ಬೇರೆಲ್ಲಾ ಬಿಟ್ಟು ಇದೇ ಕೈ ಹಿಡಿದಿದೆ. ಮಕ್ಕಳಿಗೆ ಹೆಜ್ಜೆ ಕಲಿಸೋರು ಹಿಂಗೆ ನೋಡು, ಹಂಗೆ ಮಾಡು ಅಂದ್ರೆ ಆಗಲ್ಲ. ಯಾವ ಕಾಲು, ಭಾರ ಯಾವುದರ ಮೇಲೆ, ಎಣಿಕೆ ಎಷ್ಟು, ಎಲ್ಲಾ ಬಿಡಿಸಿ ಹೇಳಬೇಕು. ಮೈಯನ್ನ ಮಾತಲ್ಲಿ ಹೇಳೋದನ್ನ ಆಯಮ್ಮ ಅಲ್ಲಿ ಕಲಿತರು.

1951ರಲ್ಲಿ ದೂರದ ಪಂದ್ಯ. ಎದುರಿಗೆ ಇದ್ದವರೆಲ್ಲ ಗಂಡಸರು. ದೂರ ಅಂದ್ರೆ ರಟ್ಟೆ ಅಂತ ಎಲ್ಲರೂ ನಂಬಿದ್ದ ಕಾಲ. ಗೆದ್ದದ್ದು ಜೋನ್. ಆ ಪಂದ್ಯದಲ್ಲಿ ಗಂಡಸರನ್ನ ಸೋಲಿಸಿದ ಮೊದಲ ಹೆಂಗಸು. 1960ರಲ್ಲಿ 161 ಅಡಿ ದೂರ ಬೀಸಿದರು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಮುಕ್ಕಾಲು ಗುಂಟೆ ಅಗಲ ಅಲ್ಲ, ಐದು ಗುಂಟೆ ಉದ್ದಕ್ಕೆ ಸಾಲಾಗಿ ಇಟ್ಟ ಹಂಗೆ, ಯಾಕಂದ್ರೆ ಒಂದು ಗುಂಟೆ ಪಕ್ಕ 33 ಅಡಿ. ಹಗುರ ಪುಕ್ಕವನ್ನ ಅಷ್ಟು ದೂರ ಕಳಿಸೋದು. ಡ್ಯಾನ್ಸ್ ಮಾಡಿದ ಮೈ ಆದ್ದರಿಂದ ಬರೀ ಕೈಯಲ್ಲಿ ಬೀಸದೆ, ಕಾಲಿಂದ ಸೊಂಟ, ಸೊಂಟದಿಂದ ಭುಜ ಅಂತ ಇಡೀ ಮೈ ಸೇರಿಸಿ ಬೀಸಿದೆ ಅಂತ ಅವರೇ ಹೇಳ್ತಾರೆ.

1959ರಲ್ಲಿ ಗಾರ್ಸಿಯಾ ಅನ್ನೋ ಗಾಳದ ಸಾಮಾನಿನ ಕಂಪನಿ ಅವರನ್ನ ಕೆಲಸಕ್ಕೆ ತಗೊಂಡಿತು. ಊರೂರು ತಿರುಗಿ ಜನರ ಮುಂದೆ ಗಾಳ ಬೀಸಿ ತೋರಿಸೋದು, ಕಲಿಸೋದು. ಅಷ್ಟರಲ್ಲಿ ಮದುವೆ, ಎರಡು ಗಂಡು ಮಕ್ಕಳು, ಸಂಸಾರದ ಏರಿಳಿತ ಎಲ್ಲಾ ಆಗಿತ್ತು. 1966ರಲ್ಲಿ ಒಂದು ಟಿವಿ ಕಾರ್ಯಕ್ರಮಕ್ಕೆ ದೊಡ್ಡ ಟ್ಯೂನಾ ಮೀನು ಹಿಡಿಯೋ ಚಿತ್ರ ತೆಗೆಯೋಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಹೋದಾಗ ಲೀ ವುಲ್ಫ್ ಪರಿಚಯ ಆಯ್ತು, ಮಾರನೇ ವರ್ಷ ಮದುವೆ. ಈ ಲೀ ಕೂಡ ಸಾಮಾನ್ಯ ಮನುಷ್ಯ ಅಲ್ಲ. 1905ರಲ್ಲಿ ಅಲಾಸ್ಕದಲ್ಲಿ ಹುಟ್ಟಿ, ಸಣ್ಣ ವಿಮಾನ ತಾನೇ ಓಡಿಸ್ಕೊಂಡು ರಸ್ತೆ ಇಲ್ಲದ ಹೊಳೆಗಳಿಗೆ ಹೋಗಿ ಮೀನು ಹಿಡೀತಿದ್ದವರು. ಆಟಕ್ಕೆ ಹಿಡಿದ ಒಳ್ಳೆ ಮೀನನ್ನ ಒಂದೇ ಸಲಕ್ಕೆ ಕೊಂದು ಮುಗಿಸಬಾರದು, ವಾಪಸ್ ನೀರಿಗೆ ಬಿಡಬೇಕು, ಇನ್ನೊಬ್ಬನಿಗೂ ಸಿಗಲಿ ಅಂತ 1939ರಲ್ಲೇ ಪುಸ್ತಕದಲ್ಲಿ ಬರೆದಿದ್ದರು. ಆಗ ಅದು ಹುಚ್ಚು ಮಾತು ಅನ್ನಿಸಿರಬೇಕು. ಹಿಡಿದದ್ದನ್ನ ಸಾರು ಮಾಡದೆ ಬಿಡೋದು ಅಂದ್ರೆ ನಮಗೆ ಈಗಲೂ ಹಂಗೇ ಅನ್ನಿಸುತ್ತೆ, ಸುಳ್ಳು ಯಾಕೆ ಹೇಳಲಿ.

1979ರಲ್ಲಿ ಗಂಡ ಹೆಂಡತಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್ಸ್‌ಕಿಲ್ ಗುಡ್ಡಗಳಲ್ಲಿ, ಬೀವರ್‌ಕಿಲ್ ಹೊಳೆ ಮೇಲ್ಭಾಗದ ಲ್ಯೂ ಬೀಚ್ ಅನ್ನೋ ಹಳ್ಳೀಲಿ ಗಾಳದ ಶಾಲೆ ತೆರೆದರು. ಆಗ ಜೋನ್‌ಗೆ ವಯಸ್ಸು 52. ನಮ್ಮ ಕಡೆ ಆ ವಯಸ್ಸಿಗೆ ಇನ್ನೇನು ಬಿಡಪ್ಪಾ ಅಂತೀವಿ. ಹೆಸರು ಉಳಿಯೋ ಕೆಲಸ ಅವರಿಗೆ ಶುರು ಆಗಿದ್ದೇ ಅಲ್ಲಿಂದ.

ಯಾಕೆ ಅಂತ ಹೇಳ್ತೀನಿ. ಅದುವರೆಗೆ ನೊಣದ ಗಾಳ ಕಲಿಸೋರು ಹೆಚ್ಚಾಗಿ ಹೇಳ್ತಿದ್ದದ್ದು ಗಡಿಯಾರದ ಲೆಕ್ಕ. ತಲೆ ಮೇಲೆ ಹನ್ನೆರಡು ಗಂಟೆ ಅಂದುಕೊ, ರಾಡು ಹತ್ತರಿಂದ ಎರಡರ ತನಕ ಓಡಾಡಲಿ ಅಂತ. ಉಳಿದದ್ದು ನನ್ನ ನೋಡಿ ಕಲಿ. ನೋಡಿ ಕಲಿಯೋನು ಕಲಿತ, ಕಲಿಯದವನಿಗೆ ನಿನ್ನ ಕೈಲಿ ಆಗಲ್ಲ ಬಿಡು ಅಂತ ಹೇಳಿ ಕಳಿಸೋದು. ಅಪ್ಪನ ಪಕ್ಕ ನಿಂತು ಹತ್ತು ವರ್ಷ ನೋಡೋ ಅವಕಾಶ ಇದ್ದದ್ದು ಗಂಡು ಮಕ್ಕಳಿಗೆ, ಆದ್ದರಿಂದ ವಿದ್ಯೆ ಅವರಲ್ಲೇ ಉಳೀತು. ಯಾರೂ ಮೋಸ ಮಾಡಿ ಬಚ್ಚಿಟ್ಟದ್ದಲ್ಲ. ಮಾತಿಲ್ಲದ ವಿದ್ಯೆ ಹಂಗೇ, ಪಕ್ಕದಲ್ಲಿ ನಿಂತವನಿಗೆ ಮಾತ್ರ ಹೋಗುತ್ತೆ.

ಜೋನ್ ಮಾಡಿದ್ದು ಅದನ್ನ ಬಿಡಿಸಿ ಮಾತಿಗೆ ತಂದದ್ದು. ಒಂದು ಬೀಸನ್ನ ಭಾಗ ಮಾಡಿ ಒಂದೊಂದಕ್ಕೂ ಹೆಸರಿಟ್ಟರು. ಮೊದಲು ಮೆಲ್ಲಗೆ ಶುರು ಮಾಡಿ ದಾರದ ಭಾರದಿಂದ ರಾಡು ಬಾಗೋ ಹಂಗೆ ಎಳೆಯೋದು ಲೋಡಿಂಗ್ ಮೂವ್. ಕೊನೇಲಿ ಮಣಿಕಟ್ಟು ಚಟಕ್ ಅಂತ ತಿರುಗಿಸಿ ನಿಲ್ಲಿಸೋದು ಪವರ್ ಸ್ನ್ಯಾಪ್. ನಿಲ್ಲಿಸಿದ ಮೇಲೆ ದಾರದ ಜೊತೆ ಕೈ ಸ್ವಲ್ಪ ತೇಲಿ ಹೋಗೋದು ಡ್ರಿಫ್ಟ್. ಹಿಡಿಯಲ್ಲಿ ಹೆಬ್ಬೆರಳು ಮೇಲಿರಲಿ, ಮುಂದಕ್ಕೆ ಬೀಸುವಾಗ ಹೆಬ್ಬೆರಳು ಒತ್ತಲಿ, ಅದೇ ಹೊತ್ತಿಗೆ ಕೆಳಗಿನ ಬೆರಳುಗಳು ಎಳೆಯಲಿ. ಮೇಲ್ತೋಳು ಏನು ಮಾಡಬೇಕು, ಮುಂಗೈ ಏನು ಮಾಡಬೇಕು, ಮಣಿಕಟ್ಟು ಯಾವಾಗ ಗಟ್ಟಿ, ಯಾವಾಗ ಸಡಿಲ, ಒಂದೊಂದೂ ಹೇಳಿದರು. ಹಿಂಗೆ ಹೆಸರಿಟ್ಟ ಮೇಲೆ ತಪ್ಪಿಗೂ ಹೆಸರು ಸಿಕ್ಕಿತು. ನಿನಗೆ ಬರಲ್ಲ ಅನ್ನೋ ಜಾಗದಲ್ಲಿ, ನೀನು ಬೇಗ ತಿರುಗಿಸ್ತಿದ್ದೀಯ, ಸ್ವಲ್ಪ ತಡಿ ಅಂತ ಹೇಳೋ ಹಂಗಾಯ್ತು. ಕಲಿಯೋರಿಗೆ ಇವೆರಡು ಮಾತಿನ ನಡುವೆ ಎಷ್ಟು ಅಂತರ ಇದೆ ಅಂತ, ಸ್ಕೂಲಲ್ಲಿ ಲೆಕ್ಕದ ಮೇಷ್ಟ್ರ ಹತ್ತಿರ ಏಟು ತಿಂದ ಎಲ್ಲರಿಗೂ ಗೊತ್ತು.

ಹೆಂಗಸರಿಗೆ ಇದು ಕಷ್ಟ ಅನ್ನೋ ಮಾತನ್ನ ಅವರು ತಲೆಕೆಳಗು ಮಾಡಿದರು. ಬಲ ಇದ್ದೋನು ಬಲ ಹಾಕಿ ಕೆಡಿಸ್ತಾನೆ, ಬಲ ಕಮ್ಮಿ ಇದ್ದೋರು ಹೊತ್ತು ನೋಡಿ ಬೀಸೋದನ್ನ ಬೇಗ ಕಲೀತಾರೆ ಅನ್ನೋದು ಅವರ ಅನುಭವ. 1981ರಿಂದ ಇಪ್ಪತ್ತು ವರ್ಷ ಮೀನುಗಾರರ ಪತ್ರಿಕೇಲಿ ಅಂಕಣ ಬರೆದರು. 1987ರಲ್ಲಿ ಬೀಸೋ ವಿದ್ಯೆ ಬಗ್ಗೆಯೇ ಪುಸ್ತಕ ತಂದರು. ಅವರು ಇಟ್ಟ ಹೆಸರುಗಳನ್ನ ಬೇರೆ ಮೇಷ್ಟ್ರುಗಳೂ ಹಿಡಿದರು. ಮಕ್ಕಳಿಗೆ ಕಲಿಸೋ ಅಪ್ಪಂದಿರಿಗೂ ಕೈಗೆ ಸಿಗೋ ಹಂಗಾಯ್ತು. ಅಪ್ಪನೇ ಇಲ್ಲದ ಮಗುವೂ ಓದಿ ಕಲಿಯಬಹುದು.

ಈಗ ನಮ್ಮ ಹುಳ ಮನೆ ಕಡೆ ಒಂದು ನಿಮಿಷ ನೋಡಿ. ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಹನ್ನೊಂದಕ್ಕೆ ಸೊಪ್ಪು ಹಾಕೋರು ಯಾರು? ಹುಳದ ಮೈ ಮುಟ್ಟಿ ನೋಡಿ, ಇದು ನಾಳೆ ಹಣ್ಣಾಗುತ್ತೆ, ಇದಕ್ಕೆ ರೋಗ ಇದೆ, ತೆಗೆದು ಹಾಕು ಅಂತ ಹೇಳೋರು ಯಾರು? ಹೆಚ್ಚಿನ ಮನೇಲಿ ಹೆಂಗಸರು. ಆ ಬೆರಳಿನ ತಿಳುವಳಿಕೆ ಯಾವ ಕೈಪಿಡೀಲೂ ಇಲ್ಲ. ತರಬೇತಿ ಅಂತ ಕರೆ ಬಂದ್ರೆ ಮಾತ್ರ ಬಿಳಿ ಪಂಚೆ ಉಟ್ಟು ಬಸ್ ಹತ್ತೋರು ನಾವು. ಗೂಡು ತಗೊಂಡು ಮಾರ್ಕೆಟ್ಟಿಗೆ ಹೋಗೋರೂ ನಾವೇ. ದುಡ್ಡು ಈಗ ಅಕೌಂಟಿಗೆ ಬೀಳುತ್ತೆ, ಅಕೌಂಟು ಯಾರ ಹೆಸರಲ್ಲಿದೆ ಅಂತ ನಾನು ಕೇಳಲ್ಲ. ದೋಣೀಲಿ ಹುಟ್ಟು ಹಾಕೋಳು, ಬೈಗುಳ ತಿನ್ನೋಳು ಅಂತ ಜೋನ್ ಕಥೆ ಓದುವಾಗ ನನಗೆ ಪ್ಯಾಟರ್ಸನ್ ದೂರ ಅನ್ನಿಸಲಿಲ್ಲ. ನಮ್ಮ ಮಕ್ಕಳು ಬೆಂಗಳೂರು ಸೇರಿದ ಮೇಲೆ ಆ ಬೆರಳುಗಳ ಲೆಕ್ಕ ಯಾರು ಬರೆದಿಡ್ತಾರೆ? ನಿಮ್ಮ ಮನೆಯ ಅಕ್ಕಂದಿರು ಹುಳ ನೋಡುವಾಗ ಏನೇನು ಮಾತು ಬಳಸ್ತಾರೆ ಅಂತ ಕೇಳಿ ಬರೆದು ಕಳಿಸಿ. ಒಂದು ಕಡೆ ಸೇರಿಸಿ ಇಡ್ತೀನಿ, ಹೇಳಿದವರ ಹೆಸರು ಹಾಕಿಯೇ ಇಡ್ತೀನಿ.

ಜೋನ್ ಅವರ ಕಥೇಲಿ ಉಳಿದದ್ದು ಸ್ವಲ್ಪ. 1991ರ ಏಪ್ರಿಲ್ 28ಕ್ಕೆ, 86ನೇ ವಯಸ್ಸಲ್ಲಿ, ಲೀ ತಮ್ಮ ವಿಮಾನದ ಲೈಸೆನ್ಸು ನವೀಕರಣಕ್ಕೆ ಪರೀಕ್ಷೆ ಹಾರಾಟ ಮಾಡುವಾಗ ವಿಮಾನ ಬಿದ್ದು ತೀರಿಹೋದರು. ಶಾಲೆ ಮುಚ್ಚುತ್ತೆ ಅಂತ ಯಾರಾದ್ರೂ ಅಂದುಕೊಂಡಿದ್ರೆ ಹಂಗಾಗಲಿಲ್ಲ. ಜೋನ್ ಒಬ್ಬರೇ ನಡೆಸಿದರು, ಅದೇ ವರ್ಷ ಹೆಂಗಸರ ಕಣ್ಣಿಂದ ನೋಡಿದ ಮೀನುಗಾರಿಕೆ ಅಂತ ಇನ್ನೊಂದು ಪುಸ್ತಕವೂ ಬಂತು. ವಿನ್‌ಸ್ಟನ್ ಅನ್ನೋ ರಾಡ್ ಕಂಪನಿ ಅವರ ಹೆಸರಲ್ಲೇ ಒಂದು ರಾಡ್ ಮಾಡಿತು. ಅದರ ಹಿಡಿ ಮೇಲೆ, ಹೆಬ್ಬೆರಳು ಎಲ್ಲಿ ಒತ್ತಬೇಕೋ ಸರಿಯಾಗಿ ಅಲ್ಲಿ, ಒಂದು ಸಣ್ಣ ಗುಳಿ ಇದೆ.